ನೀರು ಬಂದ ದಿನಗಳ ಲೆಕ್ಕ

ಕೈಪಂಪಿನ ಒಳಗೆ, ನೆಲದಿಂದ ಹತ್ತಾರು ಮೀಟರ್ ಕೆಳಗೆ, ಬಟ್ಟಲಿನಾಕಾರದ ಒಂದು ರಬ್ಬರ್ ವಾಷರ್ ಇರುತ್ತದೆ. ಹಿಡಿಕೆ ಒತ್ತಿದಾಗಲೆಲ್ಲ ಅದು ಕೊಳವೆಯ ಗೋಡೆಗೆ ಉಜ್ಜಿಕೊಂಡು ಮೇಲೇರುತ್ತದೆ, ತನ್ನ ಮೇಲಿರುವ ನೀರನ್ನೂ ಹೊತ್ತು ತರುತ್ತದೆ. ದಿನಕ್ಕೆ ಸಾವಿರಾರು ಸಲ ಹೀಗೆ ಉಜ್ಜಿದರೆ ಸವೆಯದೆ ಇರುತ್ತದೆಯೇ? ಸವೆದ ಕೂಡಲೇ ಪಂಪು ನಿಂತುಬಿಡುವುದೂ ಇಲ್ಲ. ನಾಲ್ಕು ಸಲ ಒತ್ತಿದರೆ ಬರುತ್ತಿದ್ದ ನೀರಿಗೆ ಹತ್ತು ಸಲ ಒತ್ತಬೇಕಾಗುತ್ತದೆ, ಆಮೇಲೆ ಇಪ್ಪತ್ತು ಸಲ. ಕೊನೆಗೊಂದು ಬೆಳಿಗ್ಗೆ ಹಿಡಿಕೆ ಹಗುರವಾಗಿ ಮೇಲೆ ಕೆಳಗೆ ಆಡುತ್ತದೆ, ಬಾಯಿಯಿಂದ ಗಾಳಿಯ ಸದ್ದು ಮಾತ್ರ. ಸಾಲಿನಲ್ಲಿಟ್ಟ ಕೊಡಗಳನ್ನು ಹೆಂಗಸರು ಎತ್ತಿಕೊಂಡು ಹಳೆಯ ಹೊಂಡದ ಕಡೆ ನಡೆಯುತ್ತಾರೆ.

ಅಂಗೈಯಲ್ಲಿ ಮುಚ್ಚಿ ಹಿಡಿಯಬಹುದಾದ ಆ ತುಂಡನ್ನು ಬದಲಾಯಿಸುವುದು ಹೇಳಿದಷ್ಟು ಸುಲಭವಲ್ಲ. 1970ರ ದಶಕದಲ್ಲಿ ಭಾರತದಲ್ಲಿ ರೂಪುಗೊಂಡು ಜಗತ್ತಿನ ಮೂಲೆಮೂಲೆಗೆ ಹೋದ 'ಇಂಡಿಯಾ ಮಾರ್ಕ್ 2' ಪಂಪು ಗಟ್ಟಿಮುಟ್ಟಾದದ್ದು. ಆದರೆ ಅದರ ವಾಷರ್ ಮುಟ್ಟಬೇಕಾದರೆ ಇಡೀ ಕಬ್ಬಿಣದ ಕೊಳವೆ ಸಾಲನ್ನು ಒಂದೊಂದಾಗಿ ಬಿಚ್ಚಿ ಮೇಲೆತ್ತಬೇಕು. ಅದಕ್ಕೆ ವಿಶೇಷ ಉಪಕರಣ ಬೇಕು, ನಾಲ್ಕೈದು ಜನ ಬೇಕು, ಬಲ್ಲ ಮೆಕ್ಯಾನಿಕ್ ಬೇಕು. ಈ ತಾಪತ್ರಯ ತಪ್ಪಿಸಲೆಂದೇ 1980ರ ದಶಕದಲ್ಲಿ ಪೂರ್ವ ಆಫ್ರಿಕಾದಲ್ಲಿ 'ಅಫ್ರಿಡೆವ್' ಪಂಪನ್ನು ರೂಪಿಸಿದರು. ಅದರಲ್ಲಿ ಕೊಳವೆಯನ್ನು ಅಲ್ಲಾಡಿಸದೆ ಪಿಸ್ಟನ್ನನ್ನಷ್ಟೇ ಸರಳಿನ ಜೊತೆ ಮೇಲಕ್ಕೆ ಎಳೆದುಕೊಳ್ಳಬಹುದು. ಊರಿನ ಹೆಂಗಸರೇ ರಿಪೇರಿ ಮಾಡಿಕೊಳ್ಳಲಿ ಎಂಬುದು ಅದರ ಹಿಂದಿದ್ದ ಆಸೆ. ಒಳ್ಳೆಯ ಆಸೆಯೇ. ಆದರೂ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಯಾವುದೇ ದಿನ ಹೋಗಿ ನೋಡಿದರೂ ನಾಲ್ಕರಲ್ಲಿ ಸರಿಸುಮಾರು ಒಂದು ಕೈಪಂಪು ಕೆಟ್ಟು ನಿಂತಿರುತ್ತದೆ. ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುವುದಿಲ್ಲ, ತರಬೇತಿ ಪಡೆದವರು ಊರು ಬಿಟ್ಟಿರುತ್ತಾರೆ, ಸಮಿತಿಯ ಡಬ್ಬಿಯಲ್ಲಿ ಹಣ ಇರುವುದಿಲ್ಲ. ಯೋಜನೆ ತಂದ ಸಂಸ್ಥೆ ಆ ಹೊತ್ತಿಗೆ ಬೇರೆ ಜಿಲ್ಲೆಯಲ್ಲಿ ಬೇರೆ ಪಂಪು ಉದ್ಘಾಟಿಸುತ್ತಿರುತ್ತದೆ.

ಆದರೆ ವರದಿಯ ಪ್ರಕಾರ ಆ ಊರಿಗೆ ನೀರು ಬಂದಾಗಿದೆ. ಕುಡಿಯುವ ನೀರು, ಶೌಚಾಲಯ, ಕೈತೊಳೆಯುವ ವ್ಯವಸ್ಥೆ ಈ ಮೂರರ ಬಗ್ಗೆ ವರ್ಷಗಟ್ಟಲೆ ಓದುತ್ತ ಬಂದ ನನಗೆ ಮತ್ತೆ ಮತ್ತೆ ಎದುರಾಗುವ ತೊಡಕು ಇದು: ಕಟ್ಟಿದ್ದನ್ನು ಎಣಿಸುತ್ತೇವೆ, ನಡೆದದ್ದನ್ನು ಎಣಿಸುವುದಿಲ್ಲ. ಯಾವುದನ್ನು ಎಣಿಸುತ್ತೇವೋ ಹಣವೂ ಅತ್ತಲೇ ಹರಿಯುತ್ತದೆ.

ಈ ಎಣಿಕೆಗೆ ಒಂದು ಇತಿಹಾಸವೇ ಇದೆ. 1981ರಿಂದ 1990ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆ 'ಅಂತರರಾಷ್ಟ್ರೀಯ ಕುಡಿಯುವ ನೀರು ಮತ್ತು ನೈರ್ಮಲ್ಯ ದಶಕ' ಎಂದು ಕರೆಯಿತು. ಎಲ್ಲರಿಗೂ ನೀರು ಎಂಬುದು ಗುರಿ. ಅದು ಈಡೇರಲಿಲ್ಲ. ಮುಂದೆ ಸಹಸ್ರಮಾನದ ಗುರಿಗಳು ಬಂದವು. 1990ರಲ್ಲಿ ನೀರಿನ ಸೌಲಭ್ಯವಿಲ್ಲದೆ ಇದ್ದವರ ಪ್ರಮಾಣವನ್ನು 2015ರೊಳಗೆ ಅರ್ಧಕ್ಕಿಳಿಸಬೇಕು ಎಂದಿತ್ತು. ಐದು ವರ್ಷ ಮೊದಲೇ, 2010ರಲ್ಲಿಯೇ, ಗುರಿ ಮುಟ್ಟಿದ್ದೇವೆ ಎಂಬ ಘೋಷಣೆ 2012ರಲ್ಲಿ ಹೊರಬಿತ್ತು. ಅದಕ್ಕೂ ಮೊದಲು, 2010ರ ಜುಲೈ 28ರಂದು, ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ನೀರು ಮತ್ತು ನೈರ್ಮಲ್ಯ ಮನುಷ್ಯರ ಹಕ್ಕು ಎಂದು ಒಪ್ಪಿಕೊಂಡಿತು. ಗುರಿ ಮುಟ್ಟಿದ್ದು ಸುಳ್ಳೇನಲ್ಲ, ಆದರೆ ಅಳತೆಗೋಲು ಸಡಿಲವಾಗಿತ್ತು. ಕೊಳವೆಬಾವಿ, ಮುಚ್ಚಿದ ಬಾವಿ, ಬೀದಿ ನಲ್ಲಿ ಇವುಗಳನ್ನೆಲ್ಲ 'ಸುಧಾರಿತ ಮೂಲ' ಎಂದು ಹೆಸರಿಸಿ ಲೆಕ್ಕಕ್ಕೆ ಸೇರಿಸಿದ್ದರು. ಅದರಿಂದ ಬರುವ ನೀರು ಶುದ್ಧವೇ, ದಿನವೂ ಬರುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ.

ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಬಾಂಗ್ಲಾದೇಶಕ್ಕಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ. ಕೆರೆ ಕುಂಟೆಗಳ ನೀರು ಕುಡಿದು ಮಕ್ಕಳು ವಾಂತಿಭೇದಿಯಿಂದ ಸಾಯುತ್ತಿದ್ದ ನಾಡು ಅದು. 1970ರ ದಶಕದಿಂದ ಯುನಿಸೆಫ್ ಮತ್ತು ಸರ್ಕಾರ ಸೇರಿ ಕೊಳವೆಬಾವಿಗಳನ್ನು ತೋಡಿಸಿದವು. ಜನ ಅದರ ಉಪಯೋಗ ಕಂಡು ತಾವೇ ಲಕ್ಷಾಂತರ ಬಾವಿಗಳನ್ನು ಹಾಕಿಸಿಕೊಂಡರು. ರೋಗಾಣು ಇಲ್ಲದ, ತಿಳಿಯಾದ, ತಂಪಾದ ನೀರು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಇದೆ ಎಂಬುದು ಪತ್ತೆಯಾಯಿತು. ಹಿಮಾಲಯದಿಂದ ನದಿಗಳು ಹೊತ್ತು ತಂದ ಮೆಕ್ಕಲು ಮಣ್ಣಿನಲ್ಲಿ ಹುದುಗಿದ್ದ ವಿಷ, ಆಮ್ಲಜನಕ ಇಲ್ಲದ ಆಳದಲ್ಲಿ ನೀರಿಗೆ ಬಿಟ್ಟುಕೊಂಡಿತ್ತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಅಂಗೈ ಅಂಗಾಲುಗಳ ಚರ್ಮ ಗಂಟುಗಂಟಾಗುವುದರಿಂದ ಹಿಡಿದು ಕ್ಯಾನ್ಸರಿನವರೆಗೆ ಅದರ ಪರಿಣಾಮ ಕಾಣಿಸಿಕೊಳ್ಳಲು ವರ್ಷಗಳೇ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಕೋಟ್ಯಂತರ ಜನ ಅದಕ್ಕಿಂತ ಹೆಚ್ಚು ಆರ್ಸೆನಿಕ್ ಇರುವ ನೀರನ್ನು 'ಸುರಕ್ಷಿತ' ಎಂದು ನಂಬಿ ಕುಡಿಯುತ್ತಿದ್ದರು. ಆಮೇಲೆ ಲಕ್ಷಾಂತರ ಬಾವಿಗಳನ್ನು ಪರೀಕ್ಷಿಸಿ ವಿಷವಿದ್ದವಕ್ಕೆ ಕೆಂಪು, ಇಲ್ಲದವಕ್ಕೆ ಹಸಿರು ಬಣ್ಣ ಬಳಿದರು. ಬಣ್ಣ ಕೆಲವೇ ವರ್ಷಗಳಲ್ಲಿ ಸುಲಿದು ಹೋಯಿತು. ಹೊಸ ಬಾವಿಗಳು ಬಂದವು, ಅವುಗಳ ಪರೀಕ್ಷೆಯ ಹೊಣೆ ಯಾರದ್ದೂ ಆಗಲಿಲ್ಲ.

ಈ ಪಾಠದ ನಂತರ ಅಳತೆಗೋಲು ಬಿಗಿಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜಂಟಿಯಾಗಿ ನಡೆಸುವ ಲೆಕ್ಕಾಚಾರದಲ್ಲಿ ಈಗ ಏಣಿಯಂತೆ ಮೆಟ್ಟಿಲುಗಳಿವೆ. ಸುಧಾರಿತ ಮೂಲದ ನೀರು ಮನೆಯ ಆವರಣದಲ್ಲೇ ಇರಬೇಕು, ಬೇಕೆಂದಾಗ ಸಿಗಬೇಕು, ಮಲದ ರೋಗಾಣು ಮತ್ತು ಆರ್ಸೆನಿಕ್, ಫ್ಲೋರೈಡ್‌ಗಳಿಂದ ಮುಕ್ತವಾಗಿರಬೇಕು. ಇಷ್ಟಿದ್ದರೆ ಮೇಲಿನ ಮೆಟ್ಟಿಲು. ಹೋಗಿ ಸರದಿ ನಿಂತು ತರಲು 30 ನಿಮಿಷದೊಳಗೆ ಆಗುವಂತಿದ್ದರೆ ಅದರ ಕೆಳಗಿನದು. ಹೀಗೆ ಇಳಿಯುತ್ತ ಹೋದರೆ ಕೊನೆಯಲ್ಲಿ ಹೊಳೆ ಹಳ್ಳಗಳಿಂದಲೇ ನೇರವಾಗಿ ಕುಡಿಯುವವರು. ಈ ಅಳತೆಯಲ್ಲಿ ನೋಡಿದರೆ 2024ರಲ್ಲಿ ಜಗತ್ತಿನ 210 ಕೋಟಿ ಜನರಿಗೆ ಸುರಕ್ಷಿತ ಕುಡಿಯುವ ನೀರಿಲ್ಲ, ಅಂದರೆ ನಾಲ್ವರಲ್ಲಿ ಒಬ್ಬರಿಗೆ. ಸುರಕ್ಷಿತ ಶೌಚ ವ್ಯವಸ್ಥೆ ಇಲ್ಲದವರು 340 ಕೋಟಿ, ಅವರಲ್ಲಿ 35 ಕೋಟಿಗೂ ಹೆಚ್ಚು ಮಂದಿಗೆ ಬಯಲೇ ಗತಿ. ಮನೆಯಲ್ಲಿ ಸೋಪು ನೀರು ಎರಡೂ ಇರುವ ಕೈತೊಳೆಯುವ ಜಾಗ ಇಲ್ಲದವರು 170 ಕೋಟಿ. ಅಸುರಕ್ಷಿತ ನೀರು ಮತ್ತು ಕೊಳಕಿನಿಂದ 2019ರಲ್ಲಿ 14 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ.

ಬಿಗಿಯಾದ ಈ ಅಳತೆಯೂ ಒಂದು ಹಂತದವರೆಗೆ ಮಾತ್ರ ಹೋಗುತ್ತದೆ. ನೀರು ಮೂಲದಿಂದ ಬಾಯಿಗೆ ಬರುವ ದಾರಿ ಉದ್ದ. ಬಾವಿಯಲ್ಲಿ ಚೊಕ್ಕವಾಗಿದ್ದ ನೀರು ಕೊಡಕ್ಕೆ ಬಿತ್ತು. ಕೊಡದ ಒಳಗೋಡೆಗೆ ನಿನ್ನೆಯ ಪಾಚಿ ಅಂಟಿದೆ. ದಾರಿಯಲ್ಲಿ ತುಳುಕದಿರಲೆಂದು ಸೊಪ್ಪು ಕಿತ್ತು ಹಾಕಿದ್ದಾರೆ. ಮನೆಗೆ ಬಂದ ಮೇಲೆ ಅಗಲ ಬಾಯಿಯ ಪಾತ್ರೆಗೆ ಸುರಿದರು. ಆಟವಾಡಿ ಬಂದ ಮಗು ಲೋಟವನ್ನು ಅದರೊಳಗೆ ಅದ್ದಿತು, ಲೋಟದ ಜೊತೆ ಬೆರಳುಗಳೂ ಅದ್ದಿದವು. ಬೆಳಿಗ್ಗೆ ಬಾವಿಯಲ್ಲಿ ಪರೀಕ್ಷಿಸಿದಾಗ 100 ಮಿಲಿಲೀಟರಿನಲ್ಲಿ ಒಂದೂ ಇ. ಕೋಲಿ (ಮಲ ಬೆರೆತಿದ್ದನ್ನು ಸೂಚಿಸುವ ಬ್ಯಾಕ್ಟೀರಿಯಾ) ಇಲ್ಲದ ನೀರು ಸಂಜೆಗೆ ಅದೇ ಪಾತ್ರೆಯಲ್ಲಿ ಕುಡಿಯಲು ಯೋಗ್ಯವಾಗಿ ಉಳಿದಿರುವುದಿಲ್ಲ.

ನಲ್ಲಿ ಇರುವ ನಗರಗಳ ಕಥೆ ಬೇರೆ, ಫಲ ಒಂದೇ. ದಿನಕ್ಕೆರಡು ಗಂಟೆ ಮಾತ್ರ ನೀರು ಬಿಡುವ ಕಡೆ ಉಳಿದ 22 ಗಂಟೆ ಕೊಳವೆಗಳು ಖಾಲಿ. ಒತ್ತಡ ಇಲ್ಲದ ಕೊಳವೆ ಸುಮ್ಮನೆ ಮಲಗಿರುವುದಿಲ್ಲ, ಬಿರುಕುಗಳಿಂದ ಸುತ್ತಲಿನ ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಪಕ್ಕದಲ್ಲಿ ಚರಂಡಿ ಸೋರುತ್ತಿದ್ದರೆ ಚರಂಡಿ ನೀರನ್ನೇ ಹೀರುತ್ತದೆ. ಮರುದಿನ ನಲ್ಲಿ ತಿರುಗಿಸಿದಾಗ ಮೊದಲು ಬರುವ ಕಂದು ನೀರು ಅದೇ. ಶುದ್ಧೀಕರಣ ಘಟಕದಲ್ಲಿ ಎಷ್ಟು ಖರ್ಚು ಮಾಡಿದರೂ ಈ ಬಿರುಕುಗಳು ಅದನ್ನು ವ್ಯರ್ಥ ಮಾಡುತ್ತವೆ. ಅದಕ್ಕೇ 24 ಗಂಟೆ ನೀರು ಅನ್ನುವುದು ಶ್ರೀಮಂತರ ಸುಖವಲ್ಲ ಎಂದು ನಾನು ಒತ್ತಿ ಹೇಳುತ್ತೇನೆ. ಕೊಳವೆ ಸದಾ ತುಂಬಿದ್ದರೆ ಸೋರಿಕೆ ಒಳಗಿನಿಂದ ಹೊರಕ್ಕೆ ಆಗುತ್ತದೆಯೇ ಹೊರತು ಹೊರಗಿನಿಂದ ಒಳಕ್ಕಲ್ಲ.

ಹಾಗಾದರೆ ಮನೆಮನೆಗೂ ಕ್ಲೋರಿನ್ ಕೊಟ್ಟರೆ ಮುಗಿಯಲಿಲ್ಲವೇ? ಕೊಟ್ಟು ನೋಡಿದ್ದಾರೆ. ಬಾಟಲಿ ಮನೆಗೆ ಹೋಗುತ್ತದೆ, ಎರಡು ವಾರ ಬಳಕೆಯಾಗುತ್ತದೆ, ಆಮೇಲೆ ಗೂಡಿನಲ್ಲಿ ಧೂಳು ಹಿಡಿಯುತ್ತದೆ. ವಾಸನೆ ಹಿಡಿಸುವುದಿಲ್ಲ, ಅಳತೆ ಮರೆತುಹೋಗುತ್ತದೆ, ಕೆಲಸದ ನಡುವೆ ಅರ್ಧ ಗಂಟೆ ಕಾಯಬೇಕು. ಬಡತನದಲ್ಲಿರುವ ತಾಯಿಯ ತಲೆಯ ಮೇಲೆ ದಿನಕ್ಕಿನ್ನೊಂದು ಕರ್ತವ್ಯ ಹೇರಿ, ಅವಳು ಮರೆತರೆ 'ಜನರಲ್ಲಿ ಅರಿವಿಲ್ಲ' ಎಂದು ವರದಿ ಬರೆಯುವುದು ನನಗೆ ಅನ್ಯಾಯ ಅನ್ನಿಸುತ್ತದೆ. ಪಶ್ಚಿಮ ಕೀನ್ಯಾದಲ್ಲಿ ಬೇರೆ ದಾರಿ ಹುಡುಕಿದರು. ಒರತೆಯ ಪಕ್ಕದಲ್ಲೇ ಕಂಬಕ್ಕೆ ಕ್ಲೋರಿನ್ ಡಬ್ಬಿ ಕಟ್ಟಿದರು. ಒಂದು ಸಲ ತಿರುಗಿಸಿದರೆ ಒಂದು ಕೊಡಕ್ಕೆ ಬೇಕಾದಷ್ಟೇ ದ್ರವ ಬೀಳುತ್ತದೆ. ನೀರು ತುಂಬುವಾಗಲೇ ಹಾಕಿಕೊಂಡರೆ ಮನೆ ತಲುಪುವ ಹೊತ್ತಿಗೆ ಕಾಯುವ ಸಮಯವೂ ಕಳೆದಿರುತ್ತದೆ. ನೆರೆಯವರು ಹಾಕುವುದು ಕಣ್ಣಿಗೆ ಬೀಳುವುದರಿಂದ ತಾನೂ ಹಾಕುವ ರೂಢಿ ಬೆಳೆಯುತ್ತದೆ. 2019ರ ಅರ್ಥಶಾಸ್ತ್ರ ನೊಬೆಲ್ ಹಂಚಿಕೊಂಡ ಮೈಕೆಲ್ ಕ್ರೆಮರ್ ಈ ಪ್ರಯೋಗಗಳಲ್ಲಿ ತೊಡಗಿದ್ದವರು. ಅವರೂ ಸಹೋದ್ಯೋಗಿಗಳೂ ನೀರಿನ ಶುದ್ಧೀಕರಣದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಚಿಕ್ಕ ಮಕ್ಕಳ ಸಾವು ಸುಮಾರು ನಾಲ್ಕನೇ ಒಂದರಷ್ಟು ಕಡಿಮೆಯಾಗುವುದು ಕಂಡಿತು. ಢಾಕಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಲವು ಮನೆಗಳು ಹಂಚಿಕೊಳ್ಳುವ ನಲ್ಲಿಗೆ ತಾನಾಗಿಯೇ ಕ್ಲೋರಿನ್ ಬೆರೆಸುವ ಸಾಧನ ಕೂಡಿಸಿದರು. ಯಾರೂ ಏನನ್ನೂ ನೆನಪಿಡಬೇಕಾಗಿರಲಿಲ್ಲ. ಮಕ್ಕಳ ಭೇದಿ ಶೇ 23ರಷ್ಟು ಇಳಿಯಿತು ಎಂದು 2019ರಲ್ಲಿ ಪ್ರಕಟವಾದ ಫಲಿತಾಂಶ ಹೇಳಿತು. ಕ್ಲೋರಿನ್ ಎಲ್ಲಕ್ಕೂ ಮದ್ದಲ್ಲ ನಿಜ: ಕಲಕಿದ ನೀರಿನಲ್ಲಿ ಅದರ ಬಲ ಕುಗ್ಗುತ್ತದೆ, ಕ್ರಿಪ್ಟೊಸ್ಪೊರಿಡಿಯಂನಂಥ ಪರೋಪಜೀವಿ ಅದಕ್ಕೆ ಜಗ್ಗುವುದಿಲ್ಲ, ಆರ್ಸೆನಿಕ್‌ ಅಂತೂ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಇಲ್ಲಿಯೇ ಒಂದು ನಿರಾಶೆಯ ಸುದ್ದಿಯನ್ನೂ ಹೇಳಬೇಕು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ಮೂರು ದೊಡ್ಡ ಪ್ರಯೋಗಗಳು ನಡೆದು 2018-19ರಲ್ಲಿ ಫಲಿತಾಂಶ ಹೊರಬಂತು. ಕ್ಲೋರಿನ್, ಸುಧಾರಿಸಿದ ಶೌಚಗುಂಡಿ, ಕೈತೊಳೆಯುವ ವ್ಯವಸ್ಥೆಗಳನ್ನು ಕೊಟ್ಟು ಮಕ್ಕಳ ಬೆಳವಣಿಗೆಯನ್ನು ಅಳೆದರು. ಮೂರೂ ಕಡೆ ಮಕ್ಕಳ ಎತ್ತರ ಹೆಚ್ಚಲಿಲ್ಲ. ಭೇದಿ ಬಾಂಗ್ಲಾದೇಶದಲ್ಲಿ ಮಾತ್ರ ಕಡಿಮೆಯಾಯಿತು. ಇದನ್ನು ಹಿಡಿದು ನೀರು ನೈರ್ಮಲ್ಯದ ಕೆಲಸವೇ ದಂಡ ಎಂದವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಅಂಗಳದಲ್ಲಿ ಕೋಳಿ ದನಗಳ ಸಗಣಿ, ಮಣ್ಣಿನ ನೆಲ, ಮೈಲಿ ದೂರದ ನೀರು ಇವೆಲ್ಲ ಹಾಗೇ ಇರುವಾಗ ಒಂದು ಬಾಟಲಿ, ಒಂದು ಗುಂಡಿ, ಒಂದು ಸೋಪು ಕೊಟ್ಟರೆ ಮಗುವಿನ ಬಾಯಿಗೆ ಹೋಗುವ ಮಲದ ಪ್ರಮಾಣ ಸಾಕಷ್ಟು ಇಳಿಯುವುದಿಲ್ಲ ಎಂಬುದನ್ನು ಆ ಪ್ರಯೋಗಗಳು ತೋರಿಸಿದವು. ಅಗ್ಗದ ಕಿಟ್ ಹಂಚಿ ಹೊಣೆ ಮುಗಿಯಿತು ಎಂದುಕೊಳ್ಳುವ ಯೋಜನೆಗಳಿಗೆ ಬಿದ್ದ ಪೆಟ್ಟು ಅದು.

ದೂರದ ವಿಷಯ ಬಂತು. ಕೈ ತೊಳೆಯಿರಿ ಎಂದು ಭಿತ್ತಿಪತ್ರ ಅಂಟಿಸುವವರು ಒಮ್ಮೆ 20 ಲೀಟರಿನ ಕೊಡ ಹೊತ್ತು ಅರ್ಧ ಗಂಟೆ ನಡೆದು ನೋಡಬೇಕು. ಅದರ ತೂಕ 20 ಕಿಲೊ. ಹಾಗೆ ತಂದ ನೀರಿನಲ್ಲಿ ಕುಡಿಯಲು, ಅಡುಗೆಗೆ, ಕೂಸಿಗೆ ಎಂದು ಪಾಲು ಹಾಕಿದ ಮೇಲೆ ಕೈಗೆ ಉಳಿಯುವುದೆಷ್ಟು? ಸಂಶೋಧಕರು ಗಮನಿಸಿದ ಸಂಗತಿ ಒಂದಿದೆ. ನೀರು ತರಲು ಐದು ನಿಮಿಷ ಹಿಡಿಯಲಿ, ಅರ್ಧ ಗಂಟೆ ಹಿಡಿಯಲಿ, ಒಬ್ಬರು ದಿನಕ್ಕೆ ಬಳಸುವ ನೀರು ಹೆಚ್ಚು ಕಡಿಮೆ 15ರಿಂದ 20 ಲೀಟರಿನಲ್ಲೇ ನಿಲ್ಲುತ್ತದೆ. ನಲ್ಲಿ ಅಂಗಳಕ್ಕೆ ಬಂದಾಗಲೇ ಅದು ಎರಡು ಮೂರು ಪಟ್ಟು ಜಿಗಿಯುವುದು. ಅಂದರೆ ದೂರದ ಬಾವಿಯನ್ನು ಸ್ವಲ್ಪ ಹತ್ತಿರ ತಂದರೆ ದೊಡ್ಡ ಬದಲಾವಣೆ ಆಗುವುದಿಲ್ಲ, ಮನೆ ಬಾಗಿಲಿಗೇ ತರಬೇಕು. ಟ್ರಕೋಮಾ ಎಂಬ ಕಣ್ಣಿನ ಸೋಂಕು ಇದಕ್ಕೆ ಸಾಕ್ಷಿ. ಮಕ್ಕಳ ಮುಖದ ಮೇಲಿನ ಗೀಜಿನಿಂದ, ನೊಣಗಳಿಂದ, ಹಂಚಿಕೊಂಡ ಬಟ್ಟೆಯಿಂದ ಹರಡಿ ಕೊನೆಗೆ ಕುರುಡು ತರುವ ರೋಗ. ಅದನ್ನು ತಡೆಯುವ ಉಪಾಯಗಳಲ್ಲಿ ಒಂದು ಮುಖ ತೊಳೆಯುವುದು. ನೀರು ಶುದ್ಧವಾಗಿರಬೇಕೆಂದೂ ಇಲ್ಲ, ಸಾಕಷ್ಟು ಇರಬೇಕು.

ಮನೆಯಲ್ಲಿ ನೀರಿಲ್ಲದ ಕಡೆ ಹತ್ತರಲ್ಲಿ ಏಳು ಮನೆಗಳಲ್ಲಿ ಅದನ್ನು ತರುವವರು ಹೆಂಗಸರು ಮತ್ತು ಹುಡುಗಿಯರು. ನಲ್ಲಿ ಅಂಗಳಕ್ಕೆ ಬಂದ ದಿನ ಉಳಿಯುವ ಆ ಗಂಟೆಗಳು ಯಾವ ಇಲಾಖೆಯ ಲಾಭ ನಷ್ಟದ ಪಟ್ಟಿಯಲ್ಲೂ ಸಾಮಾನ್ಯವಾಗಿ ಕಾಣುವುದಿಲ್ಲ. ಶಾಲೆಯ ಶೌಚಾಲಯದ ಕಥೆಯೂ ಹೀಗೆಯೇ. ಕೋಣೆ ಕಟ್ಟಿರುತ್ತಾರೆ, ಲೆಕ್ಕಕ್ಕೂ ಸೇರಿರುತ್ತದೆ. ಬಾಗಿಲಿಗೆ ಒಳಚಿಲಕ ಇದೆಯೇ, ಒಳಗೆ ನೀರಿದೆಯೇ, ಮುಟ್ಟಿನ ಬಟ್ಟೆ ಹಾಕಲು ಮುಚ್ಚಳದ ಬುಟ್ಟಿ ಇದೆಯೇ ಎಂಬ ಮೂರೇ ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಆ ಹುಡುಗಿಗೆ ಅದು ಶೌಚಾಲಯವೋ ಬರೀ ಗೋಡೆಯೋ ಗೊತ್ತಾಗುತ್ತದೆ.

ಶೌಚಾಲಯಗಳ ವಿಷಯದಲ್ಲಿ ನಾವು ಮರೆಯುವ ಸರಳ ಸತ್ಯವೊಂದಿದೆ, ಗುಂಡಿ ತುಂಬುತ್ತದೆ. ಕಟ್ಟಿದ ದಿನದಿಂದಲೇ ತುಂಬತೊಡಗುತ್ತದೆ. ತುಂಬಿದ ಮೇಲೆ ಏನು ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ಅದು ಕೆಲವು ವರ್ಷಗಳ ಮಟ್ಟಿಗೆ ಮುಂದೂಡಿದ ಬಯಲು ಶೌಚವಷ್ಟೇ. ರಾತ್ರಿ ಹೊತ್ತು ಯಾರೋ ಬಡವ ಬರಿಗೈಯಲ್ಲಿ ಬಕೆಟ್ ಹಿಡಿದು ಗುಂಡಿಗಿಳಿಯುತ್ತಾನೆ, ಇಲ್ಲವೇ ಟ್ಯಾಂಕರ್ ಬಂದು ಹೀರಿಕೊಂಡು ಹೋಗಿ ಮುಂದಿನ ಹಳ್ಳಕ್ಕೆ ಸುರಿಯುತ್ತದೆ. ಮನುಷ್ಯನನ್ನು ಮಲದ ಗುಂಡಿಗೆ ಇಳಿಸುವ ಯಾವ ವ್ಯವಸ್ಥೆಯನ್ನೂ ನೈರ್ಮಲ್ಯ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಮಲವನ್ನು ಹಳ್ಳಕ್ಕೆ ಬಿಟ್ಟರೆ ಏನಾಗುತ್ತದೆಂದು ಹೈಟಿ ದೇಶ ಕಂಡಿತು. 2010ರ ಜನವರಿಯ ಭೂಕಂಪದ ನಂತರ, ಅಕ್ಟೋಬರ್‌ನಲ್ಲಿ ಅಲ್ಲಿ ಕಾಲರಾ ಕಾಣಿಸಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲಕರ ಶಿಬಿರದಿಂದ ಆರ್ಟಿಬೊನೈಟ್ ನದಿಯ ಉಪನದಿಗೆ ಸೇರಿದ ಮಲವೇ ಮೂಲ ಎಂದು ಸಾಕ್ಷ್ಯಗಳು ತೋರಿಸಿದವು. ಎಂಟು ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ತಗುಲಿತು, ಸುಮಾರು 10,000 ಜನ ಸತ್ತರು. ವಿಶ್ವಸಂಸ್ಥೆ ತನ್ನ ಪಾತ್ರವನ್ನು ಒಪ್ಪಿಕೊಳ್ಳಲು 2016ರವರೆಗೆ ಹಿಡಿಯಿತು. ಜಗತ್ತಿಗೆ ನೈರ್ಮಲ್ಯದ ಗುರಿ ಹಾಕಿಕೊಡುವ ಸಂಸ್ಥೆಯ ಶಿಬಿರದಲ್ಲೇ ಗುಂಡಿಯಿಂದ ಮುಂದಿನ ದಾರಿಯನ್ನು ಯಾರೂ ನೋಡಿರಲಿಲ್ಲ.

ಒಳಚರಂಡಿ ಎಳೆಯಲು ಹಣವೂ ನೀರೂ ಇಲ್ಲದ ಕಡೆ ಅವಳಿ ಗುಂಡಿಯ ಶೌಚಾಲಯ ನನಗೆ ಅತಿ ಜಾಣ ಉಪಾಯವಾಗಿ ಕಾಣುತ್ತದೆ. ಪಕ್ಕಪಕ್ಕದಲ್ಲಿ ಎರಡು ಆಳವಿಲ್ಲದ ಗುಂಡಿ, ನಡುವೆ ವೈ ಆಕಾರದ ಕವಲು. ಒಂದು ತುಂಬಿದಾಗ ಕವಲನ್ನು ತಿರುಗಿಸಿ ಎರಡನೆಯದಕ್ಕೆ ಬಿಡುತ್ತಾರೆ. ಮೊದಲನೆಯದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ನೀರು ಮಣ್ಣಿಗೆ ಇಂಗಿ, ಹುಳುಗಳ ಮೊಟ್ಟೆಗಳೂ ಸತ್ತು, ಒಳಗಿರುವುದು ಕಪ್ಪು ಪುಡಿ ಮಣ್ಣಿನಂತಾಗುತ್ತದೆ. ವಾಸನೆ ಇರುವುದಿಲ್ಲ, ಗುದ್ದಲಿಯಲ್ಲಿ ತೆಗೆದು ಗಿಡಕ್ಕೆ ಹಾಕಬಹುದು. ಅಂತರ್ಜಲ ಮೇಲೆಯೇ ಇರುವ ಕಡೆ, ಬಂಡೆ ನೆಲದಲ್ಲಿ, ಪ್ರವಾಹ ಬರುವಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಎತ್ತರಿಸಿದ ಕಟ್ಟೆ ಅಥವಾ ಮುಚ್ಚಿದ ತೊಟ್ಟಿಯ ಜೊತೆ ನಿಯಮಿತವಾಗಿ ಬಂದು ಕೆಸರು ಒಯ್ಯುವ ಗಾಡಿ, ಅದನ್ನು ಸಂಸ್ಕರಿಸುವ ಘಟಕ ಎರಡೂ ಬೇಕು.

ಜನ ಶೌಚಾಲಯ ಬಳಸುವಂತೆ ಮಾಡುವ ಬಗ್ಗೆ ದೊಡ್ಡ ಚರ್ಚೆ ಇದೆ. ಬಾಂಗ್ಲಾದೇಶದ ರಾಜಶಾಹಿ ಪ್ರದೇಶದಲ್ಲಿ ಸುಮಾರು 2000ದಲ್ಲಿ ಅಭಿವೃದ್ಧಿ ತಜ್ಞ ಕಮಲ್ ಕರ್ ಶುರುಮಾಡಿದ ಪದ್ಧತಿಯಲ್ಲಿ ಸಹಾಯಧನ ಇಲ್ಲ. ಊರಿನವರೇ ನೆಲದ ಮೇಲೆ ತಮ್ಮೂರಿನ ನಕ್ಷೆ ಬಿಡಿಸಿ ಬಯಲಿಗೆ ಹೋಗುವ ಜಾಗಗಳನ್ನು ಗುರುತಿಸುತ್ತಾರೆ, ಆ ಮಲ ತಿರುಗಿ ತಮ್ಮ ತಟ್ಟೆಗೇ ಬರುವ ದಾರಿಯನ್ನು ತಾವೇ ಕಂಡುಕೊಳ್ಳುತ್ತಾರೆ. ಅದು ಹತ್ತಾರು ದೇಶಗಳಿಗೆ ಹರಡಿತು. ಅದರ ಶಕ್ತಿ ಊರು ಒಟ್ಟಾಗಿ ನಿರ್ಧರಿಸುವುದರಲ್ಲಿದೆ. ಆದರೆ ಅವಮಾನವನ್ನೇ ಸಾಧನ ಮಾಡಿಕೊಂಡ ಕಡೆ ಅದು ಬಡವರನ್ನೂ ಅಶಕ್ತರನ್ನೂ ಹಿಂಸಿಸಿತು. ಸಹಾಯವಿಲ್ಲದೆ ಕಟ್ಟಿದ ದುರ್ಬಲ ಗುಂಡಿಗಳು ಮಳೆಗೆ ಕುಸಿದಾಗ ಜನ ಮತ್ತೆ ಬಯಲಿಗೆ ಹೋದರು. ಮನಸ್ಸು ಬದಲಾದರೂ ಗುಂಡಿಯ ಗೋಡೆ ನಿಲ್ಲಬೇಕಲ್ಲ.

ಹಣದ ಮಾತು ತೆಗೆದರೆ ಬಡವರ ಕೈಲಿ ಆಗುವುದಿಲ್ಲ ಎಂಬ ವಾದ ಬರುತ್ತದೆ. ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ಬೇರೆಯದನ್ನು ಹೇಳುತ್ತದೆ. 1993ರಲ್ಲಿ ಎಕ್ ಸೊನ್ ಚಾನ್ ಅಲ್ಲಿನ ನೀರು ಸರಬರಾಜು ಸಂಸ್ಥೆಯ ಹೊಣೆ ಹೊತ್ತಾಗ, ಯುದ್ಧದಿಂದ ನಲುಗಿದ ಆ ನಗರದಲ್ಲಿ ದಿನಕ್ಕೆ ಹತ್ತು ಗಂಟೆ ನೀರು, ಅದೂ ಕೆಲವರಿಗೆ ಮಾತ್ರ. ಶೇ 70ಕ್ಕೂ ಹೆಚ್ಚು ನೀರು ಸೋರಿಕೆ ಮತ್ತು ಕಳವಿಗೆ ಹೋಗುತ್ತಿತ್ತು. ಅವರು ಮೀಟರ್ ಹಾಕಿಸಿದರು, ಕದ್ದವರ ಸಂಪರ್ಕ ಕಡಿದರು, ಸ್ವಂತ ನೌಕರರ ಲಂಚಕ್ಕೆ ಶಿಕ್ಷೆ ಕೊಟ್ಟರು. ಸೇನಾಧಿಕಾರಿಯೊಬ್ಬರ ಮನೆಗೆ ಹೋದಾಗ ಚಾನ್ ಅವರ ತಲೆಗೇ ಬಂದೂಕು ಹಿಡಿದ ಪ್ರಸಂಗವೂ ನಡೆಯಿತು. ಅವರು ಹಿಂದೆ ಸರಿಯಲಿಲ್ಲ. ಬಡ ಕುಟುಂಬಗಳಿಗೆ ಸಂಪರ್ಕದ ಶುಲ್ಕದಲ್ಲಿ ರಿಯಾಯಿತಿ ಕೊಟ್ಟರು. ಅದುವರೆಗೂ ಆ ಕುಟುಂಬಗಳು ಮಾರಾಟಗಾರರಿಂದ ಬಕೆಟ್ ಲೆಕ್ಕದಲ್ಲಿ ಕೊಳ್ಳುತ್ತ ನಲ್ಲಿ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ತೆರುತ್ತಿದ್ದವು. ಒಂದೂವರೆ ದಶಕದಲ್ಲಿ ನಷ್ಟ ಶೇ 6ರ ಆಸುಪಾಸಿಗೆ ಇಳಿಯಿತು, ನೀರು 24 ಗಂಟೆ ಬಂತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅಲ್ಲಿ ಮೊದಲು ಸುಧಾರಿಸಿದ್ದು ಸೇವೆ, ಆಮೇಲೆ ಬಂದದ್ದು ಬಿಲ್ಲಿನ ಹಣ.

ಹಳ್ಳಿಗಳಲ್ಲಿ ಇದೇ ತತ್ವ ಕೈಪಂಪಿನ ಹಿಡಿಕೆಯೊಳಗೆ ಬಂದಿದೆ. ಕೀನ್ಯಾದ ಕಿಟುಯಿ ಪ್ರದೇಶದ ಕ್ಯೂಸೊದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪಂಪುಗಳ ಹಿಡಿಕೆಗೆ ಚಿಕ್ಕ ಸಂವೇದಕ ಕೂಡಿಸಿದರು. ಹಿಡಿಕೆ ಎಷ್ಟು ಆಡಿತೆಂದು ಅದು ಮೊಬೈಲ್ ಜಾಲದ ಮೂಲಕ ತಿಳಿಸುತ್ತದೆ. ಆಡುವುದು ನಿಂತರೆ ಮೆಕ್ಯಾನಿಕ್ ಹೊರಡುತ್ತಾನೆ. ಅದುವರೆಗೆ ಕೆಟ್ಟ ಪಂಪು ಸರಿಯಾಗಲು ಸರಾಸರಿ ತಿಂಗಳ ಹತ್ತಿರ ಹಿಡಿಯುತ್ತಿದ್ದುದು ಮೂರು ದಿನದೊಳಗೆ ಇಳಿಯಿತು. ಪಂಪು ಬೇಗ ಸರಿಯಾಗುತ್ತದೆಂದು ಕಣ್ಣಾರೆ ಕಂಡ ಜನ ಮುಂಗಡವಾಗಿಯೇ ಹಣ ಕೊಡಲು ಮುಂದೆ ಬಂದರು. ನಂತರ ಅಲ್ಲಿ ನಿರ್ವಹಣೆಗೆಂದೇ ಒಂದು ಸ್ಥಳೀಯ ಸಂಸ್ಥೆ ಹುಟ್ಟಿಕೊಂಡಿತು. ಹತ್ತಾರು ಊರುಗಳಿಂದ ಸಣ್ಣ ಸಣ್ಣ ಮೊತ್ತ ಸೇರಿಸುವುದರಿಂದ ಒಂದೂರಿನ ದೊಡ್ಡ ರಿಪೇರಿ ಆ ಊರನ್ನೇ ಮುಳುಗಿಸುವುದಿಲ್ಲ. ಬಳಕೆದಾರರ ಹಣ ಒಂದೇ ಸಾಲುವುದಿಲ್ಲ, ಸರ್ಕಾರದ ಅಥವಾ ದಾನಿಗಳ ಪಾಲು ಬೇಕೇ ಬೇಕು. ಆ ಪಾಲನ್ನು ಕೊಡುವ ರೀತಿಯೂ ಆಫ್ರಿಕಾದ ಹಲವೆಡೆ ಬದಲಾಗುತ್ತಿದೆ. ಎಷ್ಟು ಪಂಪು ಹಾಕಿದಿರಿ ಎಂದು ಕೇಳುವ ಬದಲು, ನಿಮ್ಮ ಸುಪರ್ದಿನ ಪಂಪುಗಳು ಈ ಮೂರು ತಿಂಗಳಲ್ಲಿ ಎಷ್ಟು ದಿನ ನೀರು ಕೊಟ್ಟವು ಎಂದು ನೋಡಿ ಒಪ್ಪಂದದ ಹಣ ಬಿಡುಗಡೆಯಾಗುತ್ತದೆ. ನೀರು ನಿಂತ ದಿನಕ್ಕೆ ಹಣವಿಲ್ಲ. ಹೀಗಾದಾಗ ವಾಷರ್ ಸವೆಯುವವರೆಗೆ ಕಾಯುವುದು ಸಂಸ್ಥೆಗೇ ನಷ್ಟ. ಹಾಗಾಗಿ ಮೆಕ್ಯಾನಿಕ್ ಸವೆಯುವ ಮುನ್ನವೇ ಬರುತ್ತಾನೆ, ಅವನ ಚೀಲದಲ್ಲಿ ಹೊಸ ವಾಷರ್ ಇರುತ್ತದೆ.